ಇಂಗ್ಲೆಂಡಿನಲ್ಲಿ ಸರ್ಕಾರದ ಬಾಡಿಗೆ ನೆರವು ಪಡೆಯುತ್ತಾ ಖಾಸಗಿ ಮನೆ ಹುಡುಕುವುದು: ಏಜೆಂಟರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು?

ತುಂಗಾತೀರ | 2026 ಫೆಬ್ರವರಿ 14

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಇಲ್ಲಿ ಬರೆಯುವವರನ್ನು ಓದುತ್ತಾ ಬಂದವಳೇ ಹೊರತು ನಾನು ಬರೆದವಳಲ್ಲ. ಈಗ ಬರೆಯದೆ ವಿಧಿಯಿಲ್ಲ. ಮಿಡ್‌ಲ್ಯಾಂಡ್ಸ್ ಭಾಗದ ಒಂದು ಪಟ್ಟಣದಲ್ಲಿ ಹನ್ನೊಂದು ವರ್ಷದ ಮಗಳು ಮತ್ತು ಎಂಟು ವರ್ಷದ ಮಗನೊಂದಿಗೆ ಬಾಡಿಗೆ ಮನೆಯಲ್ಲಿದ್ದೇನೆ. ಕಾಯಂ ವಾಸದ ಪರವಾನಗಿ, ಅಂದರೆ ಐಎಲ್‌ಆರ್, ಸಿಕ್ಕಿ ನಾಲ್ಕು ವರ್ಷವಾಯಿತು. ಪತಿಯಿಂದ ಬೇರೆಯಾದ ಮೇಲೆ ಶಾಲೆಯೊಂದರಲ್ಲಿ ಬೋಧನಾ ಸಹಾಯಕಿಯಾಗಿ ವಾರಕ್ಕೆ ಇಪ್ಪತ್ತು ಗಂಟೆ ದುಡಿಯುತ್ತೇನೆ. ತಿಂಗಳಿಗೆ ಸುಮಾರು 1,050 ಪೌಂಡ್ ಕೈಗೆ ಬರುತ್ತದೆ; ಉಳಿದ ಸಂಸಾರ ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಿಂದ, ಅದರೊಳಗಿರುವ ಬಾಡಿಗೆ ನೆರವಿನಿಂದ ಸಾಗುತ್ತಿದೆ.

ಈಗಿನ ಮಾಲೀಕರು ಮನೆ ಮಾರುವವರಿದ್ದಾರೆ. ಜನವರಿ ಕೊನೆಯಲ್ಲಿ ಸೆಕ್ಷನ್ 21ರ ನೋಟಿಸು, ಅಂದರೆ ಕಾರಣ ಹೇಳದೆ ಮನೆ ಬಿಡಿಸುವ ನೋಟಿಸು, ಕೈಗಿತ್ತು, ಏಪ್ರಿಲ್ 3ರೊಳಗೆ ಖಾಲಿ ಮಾಡಬೇಕೆಂದಿದ್ದಾರೆ. ಅಂದಿನಿಂದ ಏಳು ಮನೆಗಳಿಗೆ ಫೋನು ಮಾಡಿದ್ದೇನೆ, ಎರಡನ್ನು ಮಾತ್ರ ನೋಡಲು ಬಿಟ್ಟರು. ಎರಡನೆಯ ಮನೆ ತೋರಿಸಿದ ಹುಡುಗ ತುಂಬ ಸೌಜನ್ಯದವನು. ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು ತೋರಿಸಿದ, ಬಾಯ್ಲರ್ ಕಳೆದ ವರ್ಷವಷ್ಟೇ ಹಾಕಿಸಿದ್ದು ಎಂದ, ನನ್ನ ಮಗನಿಗೆ ಹಿತ್ತಿಲಿನ ಸೇಬಿನ ಗಿಡವನ್ನೂ ತೋರಿಸಿದ. ಆಮೇಲೆ ಅಲ್ಲೇ ನಿಂತು ಫೋನಿನಲ್ಲಿ ನನ್ನ ಅರ್ಜಿ ತುಂಬತೊಡಗಿದ. ಹೆಸರಾಯಿತು, ವಾಸದ ಹಕ್ಕು ತೋರಿಸುವ ಶೇರ್ ಕೋಡ್ ಆಯಿತು, ಆದಾಯದ ಕಾಲಮ್ಮಿಗೆ ಬಂದಾಗ ನಾನು ಯೂನಿವರ್ಸಲ್ ಕ್ರೆಡಿಟ್ ಎಂದೆ. ಅವನ ಹೆಬ್ಬೆರಳು ಪರದೆಯ ಮೇಲೆ ಹಾಗೆಯೇ ನಿಂತಿತು. "ಮಾಲೀಕರನ್ನು ಒಮ್ಮೆ ಕೇಳಿ ಹೇಳುತ್ತೇನೆ" ಎಂದು ಫೋನನ್ನು ಜೇಬಿಗಿಳಿಸಿದ. ನಾವು ಬಸ್ ನಿಲ್ದಾಣ ತಲುಪುವ ಮೊದಲೇ ಮನೆ ಬೇರೆಯವರಿಗೆ ಹೋಯಿತೆಂಬ ಸಂದೇಶ ಬಂತು. ಅದೇ ಮನೆಯ ಜಾಹೀರಾತು ಈವತ್ತಿಗೂ ಹಾಗೆಯೇ ಇದೆ.

ಇನ್ನೊಬ್ಬ ಏಜೆಂಟರು ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟರೆ ನೋಡೋಣ ಎಂದರು. 6,600 ಪೌಂಡ್ ನನ್ನ ಬಳಿ ಇದ್ದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ.

ತೊಡಕು ಇನ್ನೊಂದಿದೆ. ಮೊದಲ ಬಾರಿ ಅರ್ಜಿ ಹಾಕಿದಾಗ ಹಣ ಬರಲು ಐದು ವಾರ ಹಿಡಿದದ್ದರಿಂದ ಒಂದು ತಿಂಗಳ ಬಾಡಿಗೆ ತಡವಾಗಿತ್ತು. ಆಮೇಲೆ ಒಂದು ದಿನವೂ ತಪ್ಪಿಲ್ಲ. ಆದರೂ ಈಗಿನ ಮಾಲೀಕರು ಕೊಟ್ಟ ರೆಫರೆನ್ಸಿನಲ್ಲಿ ಆ ಒಂದು ತಿಂಗಳು ದಾಖಲಾಗಿದೆ.

ಎರಡು ಮಲಗುವ ಕೋಣೆಯ ಮನೆಗೆ ಇಲ್ಲಿ 1,100 ಪೌಂಡ್ ಕೇಳುತ್ತಾರೆ. ನಮ್ಮ ಪ್ರದೇಶದ ಎರಡು ಕೋಣೆಯ ನೆರವಿನ ಮಿತಿ 925. ಅಂತರದ 175 ಪೌಂಡನ್ನು ಹೊಟ್ಟೆಬಟ್ಟೆ ಕಟ್ಟಿಯಾದರೂ ಹೊಂದಿಸುತ್ತೇನೆ. ನನ್ನ ಪ್ರಶ್ನೆ ಇಷ್ಟೆ: ನೆರವಿನ ವಿಷಯವನ್ನು ಮೊದಲ ಫೋನಿನಲ್ಲೇ ಹೇಳಿಬಿಡುವುದೋ, ಮನೆ ನೋಡಿದ ಮೇಲೆ ಹೇಳುವುದೋ, ಅಥವಾ ಕೇಳಿದರಷ್ಟೇ ಹೇಳುವುದೋ?

ಬಿಳಿಜೋಳ | 2026 ಫೆಬ್ರವರಿ 14

ಅಕ್ಕಾ, ಸುಳ್ಳು ಮಾತ್ರ ಹೇಳಬೇಡಿ. ಅರ್ಜಿಯಲ್ಲಿ ಬರೆದದ್ದು ಸುಳ್ಳೆಂದು ತಿಳಿದರೆ ಮನೆಯೂ ಇಲ್ಲ, ಮನೆ ಕಾದಿರಿಸಲು ಕೊಟ್ಟ ಒಂದು ವಾರದ ಬಾಡಿಗೆಯೂ ಇಲ್ಲ.

ಬೆಂಗಳೂರಿನಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಫಲಕ ನೋಡಿ ನಾಲ್ಕು ಬೀದಿ ಹಿಂದಿರುಗಿದವನು ನಾನು. ಇಲ್ಲಿಗೆ ಬಂದ ಮೇಲೆ "ನೋ ಡಿಎಸ್‌ಎಸ್" ಎಂಬ ಒಕ್ಕಣೆ ಕಂಡಾಗ ಅದು ಯಾವುದೋ ಕಾಯಿಲೆಯ ಹೆಸರೆಂದುಕೊಂಡಿದ್ದೆ. ಅದು ಸಮಾಜ ಭದ್ರತಾ ಇಲಾಖೆಯ ಹ್ರಸ್ವರೂಪ; ಸರ್ಕಾರದ ನೆರವು ಪಡೆಯುವವರಿಗೆ ಮನೆಯಿಲ್ಲ ಎಂದು ಆ ಒಕ್ಕಣೆಯ ಅರ್ಥ. ಆ ಇಲಾಖೆಯೇ 2001ರಲ್ಲಿ ಮುಚ್ಚಿ ಅದರ ಕೆಲಸ ಈಗಿನ ಉದ್ಯೋಗ ಮತ್ತು ಪಿಂಚಣಿ ಇಲಾಖೆಗೆ, ಅಂದರೆ ಡಿಡಬ್ಲ್ಯೂಪಿಗೆ, ಹೋಯಿತು. ಸತ್ತ ಇಲಾಖೆಯ ಹೆಸರು ಹೇಳಿ ಬದುಕಿರುವವರನ್ನು ಬಾಗಿಲಲ್ಲೇ ತಡೆಯುವ ರೂಢಿ ಮಾತ್ರ ಉಳಿಯಿತು. ಕೆಲಸ ಹೋಗಿದ್ದ ವರ್ಷ ನನಗೆ ಮನೆ ಸಿಕ್ಕಿದ್ದು ಏಜೆಂಟರಿಂದಲ್ಲ. ಅಂಗಡಿಯೊಂದರ ಕಿಟಕಿಗೆ ಅಂಟಿಸಿದ್ದ ಚೀಟಿ ನೋಡಿ ನೇರವಾಗಿ ಮಾಲೀಕರೊಂದಿಗೆ ಮಾತಾಡಿದ್ದರಿಂದ.

ಕಡತದಹುಳು | 2026 ಫೆಬ್ರವರಿ 15

ತುಂಗಾತೀರ ಅವರೇ, ನಾನು ವಾರಕ್ಕೆರಡು ದಿನ ಒಂದು ಸಲಹಾ ಕೇಂದ್ರದಲ್ಲಿ ಸ್ವಯಂಸೇವಕನಾಗಿ ಇಂಥ ಕಡತಗಳನ್ನೇ ನೋಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನಿಮ್ಮ ಲೆಕ್ಕವನ್ನು ತಿದ್ದಬೇಕಾಗಿದೆ, ಏಕೆಂದರೆ ನೀವು ನಿಮಗೇ ನಷ್ಟ ಮಾಡಿಕೊಂಡು ಲೆಕ್ಕ ಹಾಕಿದ್ದೀರಿ.

ಖಾಸಗಿ ಬಾಡಿಗೆಗೆ ಸಿಗುವ ನೆರವಿನ ಮಿತಿಯನ್ನು, ಅಂದರೆ ಎಲ್‌ಎಚ್‌ಎ ದರವನ್ನು, ನಿಗದಿಪಡಿಸುವುದು ನೀವು ಹಿಡಿಯುವ ಮನೆಯ ಕೋಣೆಗಳ ಸಂಖ್ಯೆಯಲ್ಲ. ನಿಮ್ಮ ಕುಟುಂಬಕ್ಕೆ ನಿಯಮದ ಪ್ರಕಾರ ಎಷ್ಟು ಕೋಣೆ ಬೇಕು ಎಂಬುದು. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳು ಗಂಡಾಗಲಿ ಹೆಣ್ಣಾಗಲಿ ಒಂದೇ ಕೋಣೆ ಹಂಚಿಕೊಳ್ಳಬೇಕೆಂದೂ, ಹದಿನಾರರೊಳಗಿನ ಇಬ್ಬರು ಒಂದೇ ಲಿಂಗದವರಾದರೆ ಹಂಚಿಕೊಳ್ಳಬೇಕೆಂದೂ ನಿಯಮವಿದೆ. ನಿಮ್ಮ ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಅಂದರೆ ಮಗಳಿಗೆ ಹತ್ತು ತುಂಬಿದ ದಿನದಿಂದಲೇ ಅವರಿಬ್ಬರಿಗೆ ಎರಡು ಕೋಣೆ, ನಿಮಗೊಂದು, ಒಟ್ಟು ಮೂರು ಕೋಣೆಯ ದರಕ್ಕೆ ನೀವು ಅರ್ಹರು. ನಿಮ್ಮ ಪ್ರದೇಶದ ಮೂರು ಕೋಣೆಯ ದರವನ್ನು ಸರ್ಕಾರದ ಜಾಲತಾಣದಲ್ಲಿ ಅಂಚೆ ಕೋಡ್ ಹಾಕಿ ನೋಡಿ. ಅದು 1,100ಕ್ಕಿಂತ ಹೆಚ್ಚಿದ್ದರೆ, ಎರಡು ಕೋಣೆಯ ಮನೆಯನ್ನೇ ಹಿಡಿದರೂ ಪೂರ್ತಿ 1,100 ಪೌಂಡ್ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ನೀವು ಹೇಳಿದ 175 ಪೌಂಡಿನ ಅಂತರವೇ ಇರುವುದಿಲ್ಲ. ಈಗಿನ ಮನೆಯ ಬಾಡಿಗೆಗೂ ಎರಡು ಕೋಣೆಯ ದರದಲ್ಲೇ ಕತ್ತರಿ ಬಿದ್ದಿದ್ದರೆ, ಇಂದೇ ಯೂನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಖಾತೆಯಲ್ಲಿರುವ ಜರ್ನಲ್‌ನಲ್ಲಿ ಬರೆದು ಕೇಳಿ.

ಒಂದು ಎಚ್ಚರಿಕೆ. ಸ್ಟೇಟ್‌ಮೆಂಟಿನಲ್ಲಿ ಬಾಡಿಗೆಯ ಸಾಲು ಪೂರ್ತಿ ಕಂಡರೂ ನಿಮಗೆ ಸಂಬಳವಿದೆಯೆಂಬ ಕಾರಣಕ್ಕೆ ಆಗುವ ಕಡಿತ ಯೂನಿವರ್ಸಲ್ ಕ್ರೆಡಿಟ್‌ನ ಒಟ್ಟು ಮೊತ್ತದಿಂದ ಆಗುತ್ತದೆ. 2025-26ರ ಈ ಹಣಕಾಸು ವರ್ಷದಲ್ಲಿ, ಮಕ್ಕಳಿದ್ದು ಬಾಡಿಗೆ ನೆರವನ್ನೂ ಪಡೆಯುವವರ ಸಂಬಳದಲ್ಲಿ ಮೊದಲ 411 ಪೌಂಡನ್ನು ಬಿಟ್ಟು, ಮಿಕ್ಕ ಪ್ರತಿ ಪೌಂಡಿಗೆ 55 ಪೆನ್ಸ್ ಕಳೆಯುತ್ತಾರೆ. ನಿಮ್ಮ 1,050ಕ್ಕೆ ಕಡಿತ ಸುಮಾರು 351 ಪೌಂಡ್. ನಿಮ್ಮ ಸಂಬಳ 846 ಪೌಂಡಿಗಿಂತ ಹೆಚ್ಚಿರುವುದರಿಂದ ನೆರವಿನ ಒಟ್ಟು ಮಿತಿ, ಅಂದರೆ ಬೆನಿಫಿಟ್ ಕ್ಯಾಪ್, ನಿಮಗೆ ತಗಲುವುದಿಲ್ಲ. ಶಾಲೆಯ ಕೆಲಸ ಬಿಟ್ಟರೆ ಅದು ತಗಲಬಹುದು ಎಂಬುದು ನೆನಪಿರಲಿ.

ದರಗಳೇಕೆ ಇಷ್ಟು ಹಿಂದುಳಿದಿವೆ ಎಂದು ಅನೇಕರು ಕೇಳುತ್ತಾರೆ. 2008ರಲ್ಲಿ ಈ ಪದ್ಧತಿ ದೇಶವ್ಯಾಪಿ ಜಾರಿಗೆ ಬಂದಾಗ ಪ್ರದೇಶದ ಬಾಡಿಗೆಗಳ ನಟ್ಟನಡುವಿನ ಮೊತ್ತಕ್ಕೆ ದರ ಕಟ್ಟಿದ್ದರು. 2011ರಿಂದ ಅದನ್ನು ನೂರರಲ್ಲಿ ಅಗ್ಗದ ಮೂವತ್ತು ಮನೆಗಳಿಗಷ್ಟೇ ಸಾಲುವಂತೆ ಇಳಿಸಿದರು. ನಾಲ್ಕು ವರ್ಷ ಅಲುಗಾಡದೆ ನಿಂತಿದ್ದ ದರವನ್ನು 2024ರ ಏಪ್ರಿಲ್‌ನಲ್ಲಿ ಆ ಮೂವತ್ತರ ಮಟ್ಟಕ್ಕೆ ಎತ್ತಿ, ಮರುವರ್ಷವೇ ಮತ್ತೆ ಅಲ್ಲೇ ನಿಲ್ಲಿಸಿದರು. ಬಾಡಿಗೆಗಳು ನಿಲ್ಲಲಿಲ್ಲ.

ಇನ್ನು ಕಾನೂನು. ನೆರವು ಪಡೆಯುತ್ತಾರೆಂಬ ಒಂದೇ ಕಾರಣಕ್ಕೆ ಮನೆ ನಿರಾಕರಿಸುವುದು ಈಗಲೂ ಸರಿಯಲ್ಲ. ಒಂಟಿ ತಾಯಿಯೊಬ್ಬರ ಪ್ರಕರಣದಲ್ಲಿ 2020ರ ಜುಲೈನಲ್ಲಿ ಯಾರ್ಕ್ ಕೌಂಟಿ ನ್ಯಾಯಾಲಯವು, ಇಂಥ ನಿರಾಕರಣೆಯ ಪೆಟ್ಟು ಹೆಚ್ಚಾಗಿ ಹೆಂಗಸರ ಮತ್ತು ಅಂಗವಿಕಲರ ಮೇಲೆ ಬೀಳುವುದರಿಂದ 2010ರ ಸಮಾನತಾ ಕಾಯ್ದೆಯ ಪ್ರಕಾರ ಅದು ಪರೋಕ್ಷ ತಾರತಮ್ಯವೆಂದು ಹೇಳಿತು. ಅದೇ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನ್ಯಾಯಾಲಯವೂ ಅಂಥದೇ ತೀರ್ಪು ಕೊಟ್ಟಿತು. ಬರುವ ಮೇ 1ರಿಂದ 2025ರ ರೆಂಟರ್ಸ್ ರೈಟ್ಸ್ ಕಾಯ್ದೆ ಜಾರಿಗೆ ಬಂದ ಮೇಲೆ ಇಂಗ್ಲೆಂಡಿನಲ್ಲಿ ಇದು ನೇರವಾಗಿಯೇ ನಿಷಿದ್ಧ. ಮಕ್ಕಳಿದ್ದಾರೆ ಎಂಬ ಕಾರಣಕ್ಕೂ ನಿರಾಕರಿಸುವಂತಿಲ್ಲ. ತಪ್ಪಿದವರಿಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್ 7,000 ಪೌಂಡಿನವರೆಗೆ ದಂಡ ಹಾಕಬಹುದು. ಒಂದು ತಿಂಗಳಿಗಿಂತ ಹೆಚ್ಚಿನ ಮುಂಗಡ ಬಾಡಿಗೆ ಕೇಳುವುದೂ ಅಂದಿನಿಂದ ನಿಲ್ಲುತ್ತದೆ. ಆದರೆ ನಿಮ್ಮ ಗಡುವು ಏಪ್ರಿಲ್ 3. ಮೇ ತಿಂಗಳ ಮಳೆಯನ್ನು ನಂಬಿ ಏಪ್ರಿಲ್‌ನಲ್ಲಿ ಬಿತ್ತಲಾಗದು.

ಆದ್ದರಿಂದ ನಾಳೆಯೇ ಕೌನ್ಸಿಲ್‌ಗೆ ಹೋಗಿ. ಸೆಕ್ಷನ್ 21ರ ಸಿಂಧುವಾದ ನೋಟಿಸು ಇನ್ನು 56 ದಿನಗಳೊಳಗೆ ಮುಗಿಯುವುದಾದರೆ, ಮನೆ ಕಳೆದುಕೊಳ್ಳುವವರಿಗಾಗಿ ಇರುವ 2017ರ ಕಾಯ್ದೆಯ ಪ್ರಕಾರ ಮನೆ ತಪ್ಪದಂತೆ ನಿಮಗೆ ನೆರವಾಗುವುದು ಕೌನ್ಸಿಲ್‌ನ ಕರ್ತವ್ಯ. ನೋಟಿಸಿನ ಪ್ರತಿ, ಕರಾರುಪತ್ರ, ಡಿಪಾಸಿಟ್ ರಕ್ಷಣೆಯ ಪ್ರಮಾಣಪತ್ರ ಮೂರನ್ನೂ ಒಯ್ಯಿರಿ. ಡಿಪಾಸಿಟ್ಟನ್ನು ನಿಯಮದಂತೆ ರಕ್ಷಣಾ ಯೋಜನೆಯಲ್ಲಿ ಇಡದಿದ್ದರೆ ನೋಟಿಸೇ ಬಿದ್ದುಹೋಗಬಹುದು. ಹೊಸ ಮನೆಯ ಡಿಪಾಸಿಟ್ ಮತ್ತು ಮೊದಲ ತಿಂಗಳ ಬಾಡಿಗೆಗೆ ಕೌನ್ಸಿಲ್‌ನ ವಿವೇಚನಾ ನಿಧಿಯಾದ ಡಿಎಚ್‌ಪಿ ಕೇಳಿ. ಏಪ್ರಿಲ್ 1ರಿಂದ ಅದು ಬೇರೊಂದು ನಿಧಿಯಲ್ಲಿ ವಿಲೀನವಾಗಲಿರುವುದರಿಂದ ಅರ್ಜಿಯನ್ನು ಈ ತಿಂಗಳೇ ಹಾಕುವುದು ಲೇಸು. ಏಪ್ರಿಲ್ 3 ಬಂತೆಂದು ಹೆದರಿ ಬೀಗದ ಕೈ ಕೊಟ್ಟು ಹೊರಬರಬೇಡಿ. ನೋಟಿಸಿನ ದಿನ ಮುಗಿದರೆ ಮಾಲೀಕರು ನ್ಯಾಯಾಲಯಕ್ಕೆ ಹೋಗಬಹುದು, ಅಷ್ಟೆ. ಆದೇಶವಿಲ್ಲದೆ ನಿಮ್ಮನ್ನು ಹೊರಹಾಕಲು ಬರುವುದಿಲ್ಲ.

ಕೊನೆಗೆ ನಿಮ್ಮ ಪ್ರಶ್ನೆ. ಮೊದಲ ಫೋನಿನಲ್ಲೇ ಹೇಳಿ, ಆದರೆ "ಬೆನಿಫಿಟ್ ಬರುತ್ತದೆ" ಎಂದು ಕ್ಷಮೆ ಕೇಳುವ ದನಿಯಲ್ಲಿ ಬೇಡ. "ನನ್ನ ಸಂಬಳ ಇಷ್ಟು, ನೆರವು ಇಷ್ಟು, ಒಟ್ಟು ಆದಾಯ ಇಷ್ಟು, ನಿಮ್ಮ ಬಾಡಿಗೆ ಇಷ್ಟು" ಎಂದು ಅಂಕಿಗಳಲ್ಲೇ ಹೇಳಿ. ಮೂರು ತಿಂಗಳ ಸ್ಟೇಟ್‌ಮೆಂಟ್ ಕೈಯಲ್ಲಿರಲಿ.

ಹಂಚಿನಮನೆ | 2026 ಫೆಬ್ರವರಿ 15

ನಾನು ಈ ಮಾತಿನ ಆಚೆ ದಡದವನು. ಇಪ್ಪತ್ತು ವರ್ಷ ಇಲ್ಲಿ ದುಡಿದು ಉಳಿಸಿದ್ದರಲ್ಲಿ ಎರಡು ಸಣ್ಣ ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದೇನೆ. ಮಾಲೀಕರೆಲ್ಲ ಕಟುಕರೆಂಬಂತೆ ಇಲ್ಲಿ ಮಾತು ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಸಾಲದ ಕರಾರಿನಲ್ಲೇ ನೆರವು ಪಡೆಯುವವರಿಗೆ ಮನೆ ಕೊಡಬಾರದೆಂಬ ಷರತ್ತು ಹಿಂದೆ ಇತ್ತು. ಬಾಡಿಗೆ ಖಾತ್ರಿಯ ವಿಮೆಗೆ ವರ್ಷದ ಆದಾಯ ತಿಂಗಳ ಬಾಡಿಗೆಯ ಮೂವತ್ತು ಪಟ್ಟು ಇರಬೇಕೆನ್ನುತ್ತಾರೆ. 1,100ಕ್ಕೆ ಅದು 33,000 ಪೌಂಡ್. ಇರದಿದ್ದರೆ ಮೂವತ್ತಾರು ಪಟ್ಟು, ಅಂದರೆ 39,600 ಆದಾಯದ ಜಾಮೀನುದಾರರು ಬೇಕು. ಈ ಲೆಕ್ಕ ನಾನು ಮಾಡಿದ್ದಲ್ಲ.

ಒಮ್ಮೆ ಒಬ್ಬ ಬಾಡಿಗೆದಾರರಿಗೆ ನೆರವಿನ ಹಣ ಅವರ ಖಾತೆಗೇ ಬರುತ್ತಿತ್ತು, ನನಗೆ ತಲುಪುತ್ತಿರಲಿಲ್ಲ. ಮೂರು ತಿಂಗಳ ಬಾಕಿಗೆ ನಾನು ಕೈಯಿಂದ ಕಂತು ಕಟ್ಟಿದೆ. ಕೆಟ್ಟವರಲ್ಲ ಅವರು, ಕಾರು ಕೆಟ್ಟಿತು, ಮಗುವಿಗೆ ಹುಷಾರಿರಲಿಲ್ಲ, ಬಾಡಿಗೆಯ ದುಡ್ಡು ಅತ್ತ ಹೋಯಿತು. ಅಂದಿನಿಂದ ನಾನು ಹಿಂಜರಿಯುತ್ತೇನೆ. ಇದನ್ನು ತಾರತಮ್ಯವೆನ್ನುತ್ತೀರಾ?

ಬಿಳಿಜೋಳ | 2026 ಫೆಬ್ರವರಿ 15

ಸಾರ್, ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಐಟಿ ಕಂಪನಿಯಲ್ಲಿ ಕೈತುಂಬ ಸಂಬಳವಿದ್ದ ಬಾಡಿಗೆದಾರ ಬಾಕಿ ಉಳಿಸಿ ಹೋಗಿದ್ದರೆ ಇನ್ನು ಮುಂದೆ ಐಟಿಯವರಿಗೆ ಮನೆ ಕೊಡುವುದಿಲ್ಲ ಎನ್ನುತ್ತಿದ್ದಿರಾ?

ಕಡತದಹುಳು | 2026 ಫೆಬ್ರವರಿ 16

ಹಂಚಿನಮನೆ ಅವರೇ, ನಿಮ್ಮ ಹಿಂಜರಿಕೆಗೆ ಕಾರಣ ಬಾಡಿಗೆದಾರರಿಗಿಂತ ಹೆಚ್ಚಾಗಿ ಹಣ ಹರಿಯುವ ದಾರಿ ಎಂದು ನನಗೆ ತೋರುತ್ತದೆ. ಆ ದಾರಿಯನ್ನು ತಿರುಗಿಸಲು ಬರುತ್ತದೆ. ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾದರೆ ನೀವೇ ಡಿಡಬ್ಲ್ಯೂಪಿಗೆ ಅರ್ಜಿ ಹಾಕಿ ಬಾಡಿಗೆಯ ಭಾಗವನ್ನು ನೇರವಾಗಿ ನಿಮ್ಮ ಖಾತೆಗೆ ತರಿಸಿಕೊಳ್ಳಬಹುದು. ಬಾಕಿಯನ್ನೂ ಸ್ವಲ್ಪ ಸ್ವಲ್ಪವಾಗಿ ಅವರ ನೆರವಿನಿಂದ ಕಡಿತ ಮಾಡಿಸಬಹುದು. ಹಣ ನಿಭಾಯಿಸುವುದು ತಮಗೆ ಕಷ್ಟವೆಂದು ಬಾಡಿಗೆದಾರರೇ ಕೇಳಿಕೊಂಡರೆ ಅಷ್ಟು ಬಾಕಿಯಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ನೀವು ಮೂರು ತಿಂಗಳು ಕಂತು ಕಟ್ಟಿದ್ದೀರಿ, ಆದರೆ ಎರಡನೆಯ ತಿಂಗಳ ಕೊನೆಗೆ ಆ ಅರ್ಜಿ ಹಾಕಬಹುದೆಂದು ನಿಮಗೆ ಯಾರೂ ಹೇಳಲಿಲ್ಲ.

ಸಾಲದ ಕರಾರಿನ ಅಂಥ ಷರತ್ತುಗಳಿಗೆ ಹೊಸ ಕಾಯ್ದೆಯಲ್ಲಿ ಬೆಲೆಯಿಲ್ಲ. ಕೊಡುವ ಶಕ್ತಿ ಇದೆಯೇ ಎಂದು ನೋಡುವ ಹಕ್ಕು ಮಾತ್ರ ನಿಮಗೆ ಹಾಗೆಯೇ ಉಳಿಯುತ್ತದೆ. ಆದರೆ ಆ ಲೆಕ್ಕದಲ್ಲಿ ನೆರವನ್ನೂ ಆದಾಯವೆಂದು ಹಿಡಿಯಬೇಕು. ಇನ್ನೊಂದು ಬದಲಾವಣೆಯನ್ನು ಎರಡೂ ಕಡೆಯವರು ಗಮನಿಸಬೇಕು: ಬಾಕಿಯ ಕಾರಣಕ್ಕೆ ಮನೆ ಕಡ್ಡಾಯವಾಗಿ ತೆರವು ಮಾಡಿಸಲು ಮೇ 1ರಿಂದ ಎರಡು ತಿಂಗಳ ಬದಲು ಮೂರು ತಿಂಗಳ ಬಾಕಿ ಇರಬೇಕು, ಮತ್ತು ಯೂನಿವರ್ಸಲ್ ಕ್ರೆಡಿಟ್‌ನ ಹಣ ಇನ್ನೂ ಬಂದಿಲ್ಲವೆಂಬ ಕಾರಣಕ್ಕಷ್ಟೇ ಉಳಿದ ಬಾಕಿಯನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ತುಂಗಾತೀರ ಅವರ ರೆಫರೆನ್ಸಿನಲ್ಲಿ ಕುಳಿತಿರುವ ಕಲೆ ಅಂಥದ್ದೇ. ಆ ಐದು ವಾರ ಯಾರ ಉದಾಸೀನದಿಂದಲೂ ಆದದ್ದಲ್ಲ. ಒಂದು ತಿಂಗಳ ಅವಧಿ ಮುಗಿದು, ಅದರ ಮೇಲೆ ಏಳು ದಿನ ಕಳೆದು ಮೊದಲ ಹಣ ಬರುವಂತೆ ಪದ್ಧತಿಯೇ ಹಾಗಿದೆ.

ಕಬಿನಿ | 2026 ಫೆಬ್ರವರಿ 16

ನಡುವೆ ಒಂದು ಪ್ರಶ್ನೆ, ವಿಷಯಾಂತರವೆನಿಸಿದರೆ ಕ್ಷಮಿಸಿ. ನಾನೂ ನೆರವಿಗೆ ಅರ್ಜಿ ಹಾಕಬೇಕಾದ ಸ್ಥಿತಿಯಲ್ಲಿದ್ದೇನೆ. ಮೈಸೂರಿನಲ್ಲಿ ತಂದೆಯವರ ಹೆಸರಿನಲ್ಲಿದ್ದ ಸೈಟು ಅವರು ತೀರಿಕೊಂಡ ಮೇಲೆ ನಾವು ಮೂವರು ಮಕ್ಕಳ ಹೆಸರಿಗೆ ಖಾತೆಯಾಗಿದೆ. ತಾಯಿ ಇರುವ ಮನೆಯಲ್ಲೂ ನನಗೆ ಪಾಲಿದೆ. ಅರ್ಜಿಯಲ್ಲಿ ಇವನ್ನು ಹೇಳಬೇಕೇ? ಊರಿನ ಆಸ್ತಿ ಇವರಿಗೆ ಗೊತ್ತಾಗುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ.

ಕಡತದಹುಳು | 2026 ಫೆಬ್ರವರಿ 16

ವಿಷಯಾಂತರವೇನಲ್ಲ, ನಮ್ಮವರು ಎಡವುವುದು ಇಲ್ಲೇ. ದಯವಿಟ್ಟು ಆ ಸ್ನೇಹಿತರ ಮಾತು ಕೇಳಬೇಡಿ. ಹೊರದೇಶದ ಆಸ್ತಿಯೂ ಬಂಡವಾಳವೇ. ಒಟ್ಟು ಬಂಡವಾಳ 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ. 6,000ದಿಂದ 16,000ದವರೆಗೆ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಡಿತವಾಗುತ್ತದೆ. ಮುಚ್ಚಿಟ್ಟು ಪಡೆದ ಹಣವನ್ನು ವರ್ಷಗಳ ನಂತರವೂ ಹಿಂದಕ್ಕೆ ಕೇಳುತ್ತಾರೆ, ಮೊಕದ್ದಮೆಯೂ ಆಗಬಹುದು.

ಆದರೆ ಎರಡು ಆಸ್ತಿಗೂ ಒಂದೇ ನ್ಯಾಯವಲ್ಲ. ತಾಯಿಯಂಥ ಹತ್ತಿರದ ಬಂಧು ಇಲ್ಲಿನ ಸರ್ಕಾರಿ ಪಿಂಚಣಿಯ ವಯಸ್ಸು ದಾಟಿದ್ದು ಆ ಮನೆಯಲ್ಲೇ ವಾಸವಾಗಿದ್ದರೆ, ಆ ಮನೆಯಲ್ಲಿರುವ ನಿಮ್ಮ ಪಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೈಟು ಖಾಲಿ ಇರುವುದರಿಂದ ಅದು ಲೆಕ್ಕಕ್ಕೆ ಬರುತ್ತದೆ. ಮೂವರಲ್ಲಿ ನಿಮ್ಮ ಪಾಲಿಗೆ ಇಂದು ಸಿಗಬಹುದಾದ ಬೆಲೆ ನೋಡಿ, ಮಾರಾಟಕ್ಕೆ ಖರ್ಚಿದ್ದರೆ ಹತ್ತನೆಯ ಒಂದು ಭಾಗ ಕಳೆದು, ಅದರ ಮೇಲಿನ ಸಾಲವಿದ್ದರೆ ಅದನ್ನೂ ಕಳೆಯುತ್ತಾರೆ. ಒಡಹುಟ್ಟಿದವರ ಒಪ್ಪಿಗೆಯಿಲ್ಲದೆ ಮಾರಲಾಗದ ಮೂರನೆಯ ಒಂದು ಪಾಲಿಗೆ ಕೊಳ್ಳುವವರು ಎಷ್ಟು ಕೊಟ್ಟಾರು ಎಂಬುದನ್ನು ಕಾಗದಪತ್ರಗಳೊಂದಿಗೆ ವಾದಿಸಬಹುದು. ಖಾತೆಯ ನಕಲು ತರಿಸಿ, ಸಲಹಾ ಕೇಂದ್ರದವರೊಂದಿಗೆ ಕುಳಿತು ಅರ್ಜಿ ತುಂಬಿ.

ಉತ್ತರೆಮಳೆ | 2026 ಫೆಬ್ರವರಿ 17

ಓದುತ್ತಿರುವ ಕಿರಿಯರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಹೇಳಿದ್ದೆಲ್ಲ ಐಎಲ್‌ಆರ್ ಅಥವಾ ಪೌರತ್ವ ಇದ್ದವರಿಗೆ ಅನ್ವಯಿಸುವುದು. ಉದ್ಯೋಗದ ವೀಸಾ, ವಿದ್ಯಾರ್ಥಿ ವೀಸಾಗಳಲ್ಲಿರುವವರಿಗೆ ಸಾಮಾನ್ಯವಾಗಿ ಸಾರ್ವಜನಿಕ ನಿಧಿ ಮುಟ್ಟಬಾರದೆಂಬ ಷರತ್ತಿರುತ್ತದೆ; ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು. ಗಂಡ ಹೆಂಡಿರಲ್ಲಿ ಒಬ್ಬರಷ್ಟೇ ಬ್ರಿಟಿಷ್ ಪೌರರಾಗಿದ್ದರೆ ಅವರು ಒಂಟಿಯವರ ದರದಲ್ಲಿ ಕೇಳಬಹುದು, ಆದರೆ ಸಂಗಾತಿಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ವಲಸೆ ಕಾನೂನು ಬಲ್ಲವರನ್ನು ಕೇಳದೆ ಅಷ್ಟಕ್ಕೂ ಕೈಹಾಕಬೇಡಿ. ಮಕ್ಕಳಿಲ್ಲದೆ ಒಬ್ಬರೇ ಇರುವ ಮೂವತ್ತೈದು ವರ್ಷದೊಳಗಿನವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಂಚಿಕೊಂಡ ಮನೆಯ ಒಂದು ಕೋಣೆಯ ದರವಷ್ಟೇ ಸಿಗುತ್ತದೆ.

ತುಂಗಾತೀರ | 2026 ಮಾರ್ಚ್ 12

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಆದದ್ದನ್ನು ತಿಳಿಸುವುದು ನನ್ನ ಧರ್ಮ.

ನಮ್ಮ ಪ್ರದೇಶದ ಮೂರು ಕೋಣೆಯ ದರ 1,125 ಪೌಂಡ್ ಎಂದು ತಿಳಿಯಿತು. ಇಷ್ಟು ದಿನ ಎರಡು ಕೋಣೆಯ ಮಿತಿ ಎಂದುಕೊಂಡು 1,100 ಪೌಂಡ್ ದಾಟಿದ ಜಾಹೀರಾತುಗಳನ್ನು ತೆರೆಯಲೂ ಅಂಜುತ್ತಿದ್ದೆ. ಕೌನ್ಸಿಲ್‌ನಲ್ಲಿ ಮೊದಲ ದಿನ ನನ್ನನ್ನು ಏಪ್ರಿಲ್‌ನಲ್ಲಿ ಬನ್ನಿ ಎಂದು ಕಳಿಸಿಬಿಡುವುದರಲ್ಲಿದ್ದರು. 56 ದಿನಗಳ ಮಾತೆತ್ತಿದ ಮೇಲೆ ಕುರ್ಚಿ ಕೊಟ್ಟರು. ಡಿಎಚ್‌ಪಿ ಅರ್ಜಿ ಒಪ್ಪಿಗೆಯಾಗಿದೆ.

ಏಜೆಂಟರಿಗೆ ಈಗ ಮೊದಲ ಫೋನಿನಲ್ಲೇ ಅಂಕಿ ಹೇಳುತ್ತೇನೆ. ಮೂವರು ಆಮೇಲೂ ತಿರುಗಿ ಫೋನು ಮಾಡಲಿಲ್ಲ. ನಾಲ್ಕನೆಯವರು ಸ್ಟೇಟ್‌ಮೆಂಟುಗಳನ್ನು ಕೇಳಿದರು. ಬಾಡಿಗೆ ತಡವಾದ ಆ ತಿಂಗಳಿನ ಮೊದಲ ಪಾವತಿಯ ಪತ್ರವನ್ನೂ ಜೊತೆಗಿಟ್ಟು, ಐದು ವಾರದ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದುಕೊಟ್ಟೆ. ಜಾಮೀನು ಬೇಕೇ ಬೇಕೆಂದರು. ಶಾಲೆಯಲ್ಲಿ ನನ್ನೊಡನೆ ಕೆಲಸ ಮಾಡುವವರೊಬ್ಬರು ಜಾಮೀನು ನಿಂತರು. ಆರು ತಿಂಗಳ ಬಾಡಿಗೆಗೆ ಮೀರಿ ಅವರ ಹೊಣೆಯಿಲ್ಲವೆಂದು ಕರಾರಿನಲ್ಲಿ ಬರೆಸಿದ ಮೇಲೆಯೇ ನಾನು ಅವರಿಂದ ಸಹಿ ಹಾಕಿಸಿದೆ. ಇಲ್ಲಿರುವ ನಮ್ಮವರನ್ನು ಏಕೆ ಕೇಳಲಿಲ್ಲವೆಂದು ಯಾರಾದರೂ ಕೇಳಬಹುದು. ಯುಗಾದಿಯ ಊಟಕ್ಕೆ ಸಿಗುವವರ ಮುಂದೆ ಸಂಬಳದ ಚೀಟಿ ಬಿಚ್ಚಿಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಮನೆ 1,100 ಪೌಂಡಿನದೇ, ಡಿಪಾಸಿಟ್ ಐದು ವಾರದ್ದು, 1,269 ಪೌಂಡ್. ಮಾರ್ಚ್ 27ರಂದು ಬೀಗದ ಕೈ ಕೊಡುತ್ತಾರೆ. ಕಡತದಹುಳು ಅವರೇ, ಕೊನೆಯ ಒಂದು ಸಂದೇಹ: ನನ್ನ ಯೂನಿವರ್ಸಲ್ ಕ್ರೆಡಿಟ್‌ನ ತಿಂಗಳ ಅವಧಿ 29ಕ್ಕೆ ಮುಗಿಯುತ್ತದೆ. ಹೊಸ ಬಾಡಿಗೆಯನ್ನು ಯಾವಾಗ ತಿಳಿಸಬೇಕು? ಹಳೆಯ ಮನೆಗೆ ಏಪ್ರಿಲ್ 3ರವರೆಗೆ ಬಾಡಿಗೆ ಕೊಡಬೇಕಲ್ಲ, ಅದಕ್ಕೂ ನೆರವು ಸಿಗುವುದೇ?

ಕಡತದಹುಳು | 2026 ಮಾರ್ಚ್ 12

ಸಂತೋಷವಾಯಿತು. 27ರಂದು ಮನೆ ಸೇರಿದ ದಿನವೇ, 29 ದಾಟದಂತೆ, ಜರ್ನಲ್‌ನಲ್ಲಿ ವಿಳಾಸ ಮತ್ತು ಬಾಡಿಗೆಯ ಬದಲಾವಣೆ ದಾಖಲಿಸಿ. ಅವಧಿಯ ಕೊನೆಯ ದಿನಗಳಲ್ಲಿ ಬದಲಾದರೂ ಇಡೀ ತಿಂಗಳಿಗೆ ಹೊಸ ಬಾಡಿಗೆಯ ಲೆಕ್ಕವೇ ಹಿಡಿಯುತ್ತಾರೆ. ಒಂದು ದಿನ ತಡವಾಗಿ ತಿಳಿಸಿದರೆ ಆ ತಿಂಗಳು ಕೈತಪ್ಪುತ್ತದೆ. ಎರಡು ಮನೆಗೆ ಒಟ್ಟಿಗೆ ನೆರವು ನಿಮ್ಮಂಥ ಪ್ರಕರಣದಲ್ಲಿ ಸಿಗುವುದಿಲ್ಲ. ಮನೆ ಮಾರುವ ಅವಸರ ನಿಮ್ಮ ಹಳೆಯ ಮಾಲೀಕರದು. 27ಕ್ಕೇ ಬೀಗದ ಕೈ ಒಪ್ಪಿಸುತ್ತೇನೆ, ಮಿಕ್ಕ ಒಂದು ವಾರದ ಬಾಡಿಗೆ ಬಿಟ್ಟುಕೊಡಿ ಎಂದು ಕೇಳಿ, ಒಪ್ಪಿದರೆ ಇಮೇಲಿನಲ್ಲಿ ಬರೆಸಿಕೊಳ್ಳಿ. ಕೌನ್ಸಿಲ್ ತೆರಿಗೆಯ ರಿಯಾಯಿತಿ ಯೂನಿವರ್ಸಲ್ ಕ್ರೆಡಿಟ್‌ನೊಂದಿಗೆ ತಾನಾಗಿ ಬರುವುದಿಲ್ಲ. ಹೊಸ ವಿಳಾಸಕ್ಕೆ ಕೌನ್ಸಿಲ್‌ಗೆ ಬೇರೆಯೇ ಅರ್ಜಿ ಹಾಕಬೇಕು.

ಹಂಚಿನಮನೆ | 2026 ಮಾರ್ಚ್ 13

ತುಂಗಾತೀರ ಅವರಿಗೆ ಹೊಸ ಮನೆ ಒಳ್ಳೆಯದು ಮಾಡಲಿ. ನನ್ನ ಎರಡನೆಯ ಮನೆ ಜೂನ್‌ನಲ್ಲಿ ಖಾಲಿಯಾಗುತ್ತದೆ. ಮಾಲೀಕರು ಬಾಡಿಗೆಯನ್ನು ನೇರವಾಗಿ ಪಡೆಯಲು ಹಾಕುವ ಆ ಅರ್ಜಿ ಎಲ್ಲಿ ಸಿಗುತ್ತದೆಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.